ಕೆಂಪಾಪುರದ ಮೆಷಿನ್ನಿನ ಕಂದು ತಂತಿ

ಹಳೇ ಪಿನ್‌ಬಾಲ್ ಮೆಷಿನ್ನುಗಳನ್ನು ಮತ್ತೆ ಓಡಿಸಬೇಕು ಅಂತ ಹೊರಟಿರುವ ಮೂರ್ನಾಲ್ಕು ಜನ ಈಚೆಗೆ ನನಗೆ ಆಗಾಗ ಫೋನ್ ಮಾಡುತ್ತಾರೆ. ಒಬ್ಬಳು ಕೆಫೆ ಇಟ್ಟಿದ್ದಾಳೆ, ಇನ್ನೊಬ್ಬ ಗುಜರಿಯಿಂದ ಎರಡು ಮೆಷಿನ್ ತಂದು ಮನೆಯ ಹಾಲಿನಲ್ಲಿ ನಿಲ್ಲಿಸಿಕೊಂಡಿದ್ದಾನೆ. "ಸಾರ್, ಇದನ್ನ ಕಲಿಯೋಕೆ ಯಾವ ಪುಸ್ತಕ ಓದ್ಬೇಕು?" ಅಂತ ಕೇಳುತ್ತಾರೆ. ನಾನು ಕಲಿತದ್ದು ಯಾವ ಪುಸ್ತಕದಿಂದಲೂ ಅಲ್ಲ. ಫೋನಿನಲ್ಲಿ ಹೇಳಿದರೆ ಮುಗಿಯುವುದೂ ಇಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ಕೆಲಸ ಬಿಟ್ಟದ್ದು 2019ರಲ್ಲಿ. ಕೈ ನಡುಗಲು ಶುರುವಾಯಿತು, ಬೆಸುಗೆ ಒಂದು ಕಡೆ ಬೀಳಬೇಕಾದ್ದು ಪಕ್ಕದಲ್ಲಿ ಬೀಳುತ್ತಿತ್ತು. ಸರಿ ಮಾಡಿದ ಮೆಷಿನ್ನುಗಳು ಅಷ್ಟಾಗಿ ನೆನಪಿಲ್ಲ. ಮಾಡಿದ ತಪ್ಪುಗಳು ಮಾತ್ರ ಚೆನ್ನಾಗಿ ನೆನಪಿವೆ. ಅವುಗಳಲ್ಲಿ ಒಂದನ್ನು ಈಗಲೂ ಮರೆಯಲಾಗಿಲ್ಲ. ಕೆಂಪಾಪುರದ ಒಬ್ಬ ಮನುಷ್ಯ ಐದು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದ ಒಂದು ಸಂಖ್ಯೆಯನ್ನು ನಾನು ಒಂದೇ ಗುಂಡಿ ಒತ್ತಿ ಅಳಿಸಿಬಿಟ್ಟೆ. ಅಲ್ಲಿಗೆ ಬರುವ ಮೊದಲು ಬೇರೆ ಕೆಲವು ವಿಷಯ ಹೇಳಬೇಕು.

ಪಿನ್‌ಬಾಲ್ ನೋಡದವರಿಗೆ ಎರಡು ಮಾತು. ಗಾಜು ಮುಚ್ಚಿದ ಇಳಿಜಾರು ಮೇಜು, ಅದರ ಮೇಲೆ ಓಡುವ ಉಕ್ಕಿನ ಗೋಲಿ, ಗೋಲಿ ಕೆಳಗೆ ಬೀಳದಂತೆ ಬಡಿಯಲು ಎರಡು ಪುಟ್ಟ ರೆಕ್ಕೆ. ಎದುರಿಗೆ ನೆಟ್ಟಗೆ ನಿಂತ ಪೆಟ್ಟಿಗೆ, ಅದರ ಬಣ್ಣದ ಗಾಜಿನ ಹಿಂದೆ ಬಲ್ಬುಗಳು, ಗಾಜಿನಲ್ಲಿ ಸಣ್ಣ ಕಿಟಕಿಗಳು, ಕಿಟಕಿಗಳಲ್ಲಿ ಅಂಕಿ. ಹಳೇ ಮೆಷಿನ್ನಿನಲ್ಲಿ ಕಂಪ್ಯೂಟರ್ ಇಲ್ಲ. ಬರೀ ತಂತಿ, ಕಾಯಿಲ್, ಕಾಯಿಲ್‌ಗೆ ಕರೆಂಟ್ ಬಂದಾಗ ತಾನಾಗಿ ಸೇರುವ ಸ್ವಿಚ್ಚು, ಅಂದರೆ ರಿಲೇ. ಅಂಕಿಗಳು ಸಹ ನಿಜವಾದ ಗಾಲಿಗಳ ಮೇಲೆ ಬರೆದವು, ಸೊನ್ನೆಯಿಂದ ಒಂಬತ್ತರವರೆಗೆ. ಗೋಲಿ ಎಲ್ಲಾದರೂ ತಾಗಿದರೆ ಗಾಲಿ ಟಕ್ ಅಂತ ಒಂದು ಅಂಕಿ ಮುಂದೆ ಹೋಗುತ್ತದೆ. ಕರೆಂಟ್ ಹೋದರೂ ಗಾಲಿ ಇದ್ದಲ್ಲೇ ಇರುತ್ತದೆ. ವರ್ಷಗಟ್ಟಲೆ ಬೇಕಾದರೂ ಇರುತ್ತದೆ. ಯಾರಾದರೂ ಹೊಸ ಆಟದ ಗುಂಡಿ ಒತ್ತಿದಾಗ ಮಾತ್ರ ಎಲ್ಲ ಗಾಲಿಗಳೂ ಗಡಗಡನೆ ತಿರುಗಿ ಸೊನ್ನೆಗೆ ಬಂದು ನಿಲ್ಲುತ್ತವೆ.

ನಾನು ಮೊದಲು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ರಿಲೇ ಮೆಕ್ಯಾನಿಕ್. ಎಕ್ಸ್‌ಚೇಂಜುಗಳು ಎಲೆಕ್ಟ್ರಾನಿಕ್ ಆದ ಮೇಲೆ ನಮಗೆ ಅಲ್ಲಿ ಕುರ್ಚಿ ಇತ್ತು, ಕೆಲಸ ಇರಲಿಲ್ಲ. ಸ್ವಯಂನಿವೃತ್ತಿ ತೆಗೆದುಕೊಂಡು 2008ರಲ್ಲಿ ಯಶವಂತಪುರದ ಒಂದು ವರ್ಕ್‌ಶಾಪಿಗೆ ಸೇರಿದೆ. ಕ್ಲಬ್ಬು, ರೆಸಾರ್ಟುಗಳಿಗೆ ಆಟದ ಮೆಷಿನ್ ಕೊಡುತ್ತಿದ್ದ ಕಂಪನಿ ಅದು. ಅಲ್ಲಿನ ಮುಖ್ಯ ಮೆಕ್ಯಾನಿಕ್ ಸಂಪತ್ ಅಂತ. ಗಿಡ್ಡ ಆಳು, ಮುಂಗೋಪಿ, ಕೆಲಸದಲ್ಲಿ ರಾಕ್ಷಸ.

ಸೇರಿದ ವಾರದಲ್ಲೇ ನಾನೊಂದು ಘನಕಾರ್ಯ ಮಾಡಿದೆ. ನನ್ನ ಕೈಗೆ ಕೊಟ್ಟ ಮೆಷಿನ್ನಿನಲ್ಲಿ ಒಂದು ಗಂಟೆ ಬಡಿಯುತ್ತಿರಲಿಲ್ಲ, ಅಷ್ಟೇ. ಮುಚ್ಚಳ ತೆಗೆದು ನೋಡಿದರೆ ಒಳಗಿನ ಸ್ವಿಚ್ಚುಗಳ ಅಂತರ ಒಂದೊಂದರದು ಒಂದೊಂದು ಥರ. ಎಕ್ಸ್‌ಚೇಂಜಿನಲ್ಲಿ ಹೀಗೆ ಬಿಟ್ಟಿದ್ದರೆ ಮೆಮೋ ಬರುತ್ತಿತ್ತು. ಇಡೀ ದಿನ ಕೂತು ಎಲ್ಲವನ್ನೂ ಅಳತೆ ಹಿಡಿದು ಒಂದೇ ಸಮ ಮಾಡಿದೆ. ಸಾಯಂಕಾಲ ಆನ್ ಮಾಡಿದರೆ ಎಲ್ಲ ಗಂಟೆಗಳೂ ಒಟ್ಟಿಗೆ ಬಡಿಯತೊಡಗಿದವು, ಗೋಲಿ ಒಂದು ಬರಬೇಕಾದ ಕಡೆ ಎರಡು ಬಂದವು, ಗಾಲಿಗಳು ತಮ್ಮ ಪಾಡಿಗೆ ತಿರುಗುತ್ತಲೇ ಇದ್ದವು. ಸಂಪತ್ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತು ನೋಡಿದರು.

"ಯಾರ್ ಹೇಳಿದ್ದು ನಿಂಗೆ ಇದೆಲ್ಲ ಮುಟ್ಟಕ್ಕೆ?"

"ಸರಿ ಇರ್ಲಿಲ್ಲ ಸಾರ್, ಅದಕ್ಕೇ..."

"ಮೂರ್ತಿ, ಕೆಟ್ಟಿರೋದನ್ನ ಮುಟ್ಟು. ಚೆನ್ನಾಗಿರೋದನ್ನ ಇನ್ನೂ ಚೆನ್ನಾಗ್ ಮಾಡಕ್ ಹೋಗ್ಬೇಡಪ್ಪಾ, ಕೈ ಮುಗೀತೀನಿ."

ಹಾಳು ಮಾಡಿದ್ದನ್ನು ಮೊದಲಿನಂತೆ ಮಾಡಲು ಮೂರು ದಿನ ಹಿಡಿಯಿತು. ಸಂಪತ್ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಬೈಯುತ್ತಲೇ ಪಾಠ ಮಾಡಿದರು. ಅವರ ಪಾಠ ಕಿವಿಯಿಂದ ಶುರುವಾಗುತ್ತಿತ್ತು. "ಮುಚ್ಚಳ ಆಮೇಲೆ ತೆಗಿ. ಮೊದ್ಲು ಸ್ಟಾರ್ಟ್ ಒತ್ತು. ಕಣ್ಮುಚ್ಚಿ ಕೇಳು. ಎಲ್ಲಿ ನೋವು ಅಂತ ಅದೇ ಹೇಳತ್ತೆ." ಅದು ನಿಜ. ಹೊಸ ಆಟದ ಗುಂಡಿ ಒತ್ತಿದ ಆ ಎರಡು ಮೂರು ಸೆಕೆಂಡಿನಲ್ಲಿ ಮೆಷಿನ್ನಿನ ಹೆಚ್ಚುಕಡಿಮೆ ಎಲ್ಲ ಅಂಗಗಳೂ ಒಮ್ಮೆ ಅಲ್ಲಾಡುತ್ತವೆ. ಸದ್ದು ಎಲ್ಲಿ ತಡವರಿಸಿತೋ ಅಲ್ಲೇ ದೋಷ. ಆರು ತಿಂಗಳಲ್ಲಿ ನನ್ನ ಬೆರಳಿಗೆ ಅದು ಎಷ್ಟು ರೂಢಿಯಾಯಿತೆಂದರೆ ಮೆಷಿನ್ ಕಂಡರೆ ಸಾಕು, ಕೈ ತಾನಾಗಿ ಸ್ಟಾರ್ಟ್ ಗುಂಡಿಗೆ ಹೋಗುತ್ತಿತ್ತು.

ಕಾಂಟ್ಯಾಕ್ಟ್ ಒರೆಸಲು ಸಂಪತ್ ಮದುವೆ ಕಾಗದ ಬಳಸುತ್ತಿದ್ದರು. ದಪ್ಪ ಲಗ್ನಪತ್ರಿಕೆಯನ್ನು ಸಣ್ಣ ಪಟ್ಟಿಯಾಗಿ ಕತ್ತರಿಸಿ, ರಿಲೇಯ ಎರಡು ಬೆಳ್ಳಿ ಚುಕ್ಕೆಗಳ ನಡುವೆ ಇಟ್ಟು, ಮೆತ್ತಗೆ ಒತ್ತಿ ಎಳೆದರೆ ಕೊಳೆ ಬರುತ್ತದೆ, ಬೆಳ್ಳಿ ಸವೆಯುವುದಿಲ್ಲ. ಉಪ್ಪು ಕಾಗದ ಹಾಕಿ ಉಜ್ಜಿದರೆ ಕಾಂಟ್ಯಾಕ್ಟ್ ಸತ್ತಂತೆ. ನಾನೂ ಊರವರ ಮದುವೆ ಕಾಗದಗಳನ್ನೆಲ್ಲ ಒಂದು ಡಬ್ಬದಲ್ಲಿ ಕೂಡಿಡುತ್ತಿದ್ದೆ. ಮದುವೆಗಳಿಗೆ ಹೋಗುತ್ತಿದ್ದದ್ದು ಕಡಿಮೆ. ನನ್ನದೇ ಹೆಸರಿನ ಒಂದು ಕಾಗದ ಅಚ್ಚಾಗಲೇ ಇಲ್ಲ. ಮೊದಲು ತಂಗಿಯರದು ಆಗಲಿ ಅಂತ, ಆಮೇಲೆ ಅಮ್ಮನ ಕಾಯಿಲೆ ಅಂತ, ಆಮೇಲೆ ಯಾರೂ ಕೇಳಲಿಲ್ಲ.

2010ರ ಹೊತ್ತಿಗೆ ಹೊಸ ಮ್ಯಾನೇಜರ್ ಬಂದರು. ಪರದೆಯ ಮೆಷಿನ್ನುಗಳೇ ಸಾಕು, ಕೆಟ್ಟರೆ ಬೋರ್ಡ್ ಬದಲಾಯಿಸಿ, ಕೂತು ಹುಡುಕಬೇಡಿ ಅಂದರು. ಅವರ ಲೆಕ್ಕದಲ್ಲಿ ಅದು ಸರಿಯೇ. ಹಳೇ ಮೆಷಿನ್ನುಗಳು ಗುಜರಿಗೆ ಹೋದವು. ಸಂಪತ್ ಕೃಷ್ಣಗಿರಿಗೆ, ತಮ್ಮ ಊರಿಗೆ ಹೋದರು. ನಾನು ಇಬ್ಬರು ಸರದಿಯಲ್ಲಿ ಆಡುವ ಒಂದು ಮೆಷಿನ್ನನ್ನೂ ನಾಲ್ಕು ಚೀಲ ಬಿಡಿಭಾಗಗಳನ್ನೂ ಕೇಳಿ ತೆಗೆದುಕೊಂಡು, ಆರ್.ಟಿ. ನಗರದ ನನ್ನ ಬಾಡಿಗೆ ಮನೆಯ ಹಿಂದಿನ ಶೆಡ್ಡಿನಲ್ಲಿ ಇಟ್ಟುಕೊಂಡು ಸ್ವಂತ ಕೆಲಸ ಶುರು ಮಾಡಿದೆ. ಸಿಕ್ಕಿಹಾಕಿಕೊಂಡಾಗ ಸಂಪತ್‌ಗೆ ಫೋನ್ ಮಾಡಿ, ಫೋನನ್ನು ಮೆಷಿನ್ನಿನ ಹತ್ತಿರ ಹಿಡಿದು ಸ್ಟಾರ್ಟ್ ಒತ್ತುತ್ತಿದ್ದೆ. ಅವರು ಅಲ್ಲಿಂದಲೇ "ಎಡಗಡೆ ಮೂರನೇ ರಿಲೇ ನೋಡು" ಅನ್ನುತ್ತಿದ್ದರು. ಎರಡು ವರ್ಷ ಹೀಗೆ ನಡೆಯಿತು. ಒಂದು ದಿನ ಅವರ ಮಗಳು ಫೋನ್ ಎತ್ತಿ, ಅಪ್ಪ ಹೋಗಿ ಇಪ್ಪತ್ತು ದಿನ ಆಯಿತು ಅಂದಳು. ಅವತ್ತಿನಿಂದ ಈ ಕೆಲಸದ ಬಗ್ಗೆ ಮಾತಾಡಲು ಈ ಊರಿನಲ್ಲಿ ನನಗೆ ಒಂದು ನರಪಿಳ್ಳೆಯೂ ಇರಲಿಲ್ಲ.

ಈ ಕೆಲಸದಲ್ಲಿ ಕಾಯುವುದೇ ಹೆಚ್ಚು ಅನ್ನುವುದನ್ನೂ ಹೇಳಿಬಿಡುತ್ತೇನೆ. ಹುಣಸಮಾರನಹಳ್ಳಿಯ ಹತ್ತಿರ ಒಂದು ರೆಸಾರ್ಟ್. ಅಲ್ಲಿನ ಮೆಷಿನ್ ಇದ್ದಕ್ಕಿದ್ದಂತೆ ಆಟದ ಮಧ್ಯೆ ನಿಂತುಬಿಡುತ್ತಿತ್ತು. ಮೆಷಿನ್ನನ್ನು ಯಾರಾದರೂ ಜೋರಾಗಿ ಅಲ್ಲಾಡಿಸಿದರೆ ಆಟ ನಿಲ್ಲಲಿ ಅಂತ ಒಳಗೆ ಒಂದು ತೂಗುಗುಂಡು ಇರುತ್ತದೆ. ಯಾರೂ ಅಲ್ಲಾಡಿಸದೆ ಇದ್ದರೂ ಅದು ಕೆಲಸ ಮಾಡುತ್ತಿತ್ತು. ನಾನು ಹೋದಾಗಲೆಲ್ಲ ಮೆಷಿನ್ ಮಹಾ ಸಾಧು. ಮೂರು ದಿನ ಅದರ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಬಂದವರೆಲ್ಲ ನನ್ನನ್ನು ಕಾವಲುಗಾರ ಅಂದುಕೊಂಡರು. ಮೂರನೇ ದಿನ ಮಧ್ಯಾಹ್ನ ಕಾಲಡಿಯ ನೆಲ ಸಣ್ಣಗೆ ಗುಯ್ಯೆಂದಿತು, ಆಟ ನಿಂತಿತು. ಗೋಡೆಯ ಆಚೆ ಹೋಗಿ ನೋಡಿದರೆ ರೆಸಾರ್ಟಿನ ಹಾಸಿಗೆ ಬಟ್ಟೆ ಹಿಂಡುವ ದೊಡ್ಡ ವಾಷಿಂಗ್ ಮೆಷಿನ್ ಕುಣಿಯುತ್ತಿತ್ತು. ಪಿನ್‌ಬಾಲನ್ನು ಎದುರಿನ ಗೋಡೆಗೆ ಸರಿಸಿದೆ, ಅಷ್ಟೇ ರಿಪೇರಿ. ಗೆದ್ದೆ ಅಂತ ಬಹಳ ಖುಷಿಯಾಯಿತು. ಯಾರಿಗೆ ಹೇಳುವುದು? ಬಸ್ಸು ಹೆಬ್ಬಾಳ ಮುಟ್ಟುವವರೆಗೂ ಹೇಳಲು ಯಾರಾದರೂ ನೆನಪಾಗುತ್ತಾರೇನೋ ಅಂತ ಯೋಚಿಸುತ್ತಿದ್ದೆ.

ಶೆಡ್ಡಿನಲ್ಲಿದ್ದ ಆ ಇಬ್ಬರಾಡುವ ಮೆಷಿನ್ನಿನಲ್ಲಿ ನಾನು ಹೊರಗಿನಿಂದ ಬಂದ ಬಿಡಿಭಾಗಗಳನ್ನು ಪರೀಕ್ಷೆ ಮಾಡುತ್ತಿದ್ದೆ. ಎರಡು ಸಾಲು ಅಂಕಿ, ಎರಡೂ ಸಾಲು ಓಡಿಸಿ ನೋಡಬೇಕು. ಮೊದಲನೇ ಆಟಗಾರ ನಾನು, ಎರಡನೇ ಆಟಗಾರನೂ ನಾನೇ. ಎರಡನೆಯವನ ಸರದಿ ಬಂದಾಗ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಹಾಗೇ ಮಾಡುತ್ತಿದ್ದೆ.

ಇನ್ನು ಕೆಂಪಾಪುರ. ಮುನಿರಾಜಪ್ಪ ಅಲ್ಲಿನ ಹಳೇ ಊರಿನವರು. ಹೊಲ ಇದ್ದ ಜಾಗದಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸಿ ತಾವು ಕೆಳಗಿನ ಮನೆಯಲ್ಲಿದ್ದರು. ಹಳೇ ಕಟ್ಟಡ ಕೆಡವುವ ಕಂಟ್ರಾಕ್ಟನ್ನೂ ಮಾಡುತ್ತಿದ್ದರು. ಒಂದು ಹೋಟೆಲ್ ಕೆಡವುವಾಗ ಸಿಕ್ಕ ಪಿನ್‌ಬಾಲನ್ನು ಬಾಗಿಲು ಕಿಟಕಿಗಳ ಜೊತೆ ಲಾರಿಗೆ ಹಾಕಿಸಿ ಮನೆಗೆ ತಂದಿದ್ದರು. 2011ರಲ್ಲಿ ನಾನು ಮೊದಲ ಸಲ ಹೋದಾಗ ಅವರ ಹೆಂಡತಿ ಪಿಳ್ಳಮ್ಮ ಸೆರಗು ಸೊಂಟಕ್ಕೆ ಸಿಗಿಸಿ ಮೆಷಿನ್ನಿನ ಮುಂದೆ ನಿಂತಿದ್ದರು.

"ನೋಡಣ್ಣ, ಈ ಮನುಸನ ಗಾಲಿ ಎಲ್ಲಾ ಸಂದಾಕ್ ತಿರುಗ್ತವೆ. ನಂದು ಮಾತ್ರ ನೂರರ್ ತಾವ ನಿಂತೋಯ್ತದೆ. ಏನೋ ಮಾಡವ್ರೆ ಇವ್ರು."

"ನಾನೇನ್ ಮಾಡಾನೆ? ಸೋತಾಗೆಲ್ಲ ಇಂಗೇ ಅಂತಾಳೆ ಮೂರ್ತಣ್ಣ," ಅಂದರು ಮುನಿರಾಜಪ್ಪ.

ಗಂಡ ಮೊದಲನೇ ಆಟಗಾರ, ಹೆಂಡತಿ ಎರಡನೇ ಆಟಗಾರ್ತಿ. ಮಧ್ಯಾಹ್ನ ಊಟ ಆದ ಮೇಲೆ ದಿನಾ ಒಂದಾಟ. ಪಿಳ್ಳಮ್ಮನ ಸಾಲಿನ ನೂರರ ಗಾಲಿಯ ಹಲ್ಲು ಮುರಿದಿತ್ತು. ಚೀಲದಿಂದ ಬೇರೆ ಮೆಷಿನ್ನಿನ ಹಳೇ ಗಾಲಿ ತೆಗೆದು ಹಾಕಿದೆ. ಅದರಲ್ಲಿ ಎಂಟರ ಹಿಂದಿನ ಬಿಳಿ ಹಳದಿಗೆ ತಿರುಗಿತ್ತು.

"ಇದೊಂದ್ ಯಾಕಣ್ಣ ಅಳದಿ ಆಗದೆ?"

"ಅಮ್ಮ, ಇದು ಮೊದ್ಲು ಇದ್ದ ಮೆಷಿನ್ನು ವರ್ಷಗಟ್ಲೆ ಎಂಟರ ಮೇಲೇ ನಿಂತಿತ್ತು. ಕಿಟಕಿಯಲ್ಲಿ ಕಾಣೋ ಅಂಕಿಗೆ ಮಾತ್ರ ಬಿಸ್ಲು ಬೀಳತ್ತಲ್ಲ, ಅದಕ್ಕೆ."

ಅವತ್ತು ಪಿಳ್ಳಮ್ಮ ಮುದ್ದೆ, ಸೊಪ್ಪಿನ ಸಾರು ಬಡಿಸಿದರು. ಊಟ ಆದ ಮೇಲೆ ನನ್ನನ್ನು ಆಟಕ್ಕೆ ನಿಲ್ಲಿಸಿ ಸೋಲಿಸಿದರು. "ರಿಪೇರಿ ಬತ್ತದೆ, ಆಟ ಬರಾಕಿಲ್ಲ ನಿಂಗೆ," ಅಂತ ಕೈ ತಟ್ಟಿ ನಕ್ಕರು. ಎರಡನೇ ಆಟಗಾರರ ಜಾಗದಲ್ಲಿ ಬೇರೊಬ್ಬರು ನಿಂತಿದ್ದನ್ನು ನಾನು ನೋಡಿ ಎಷ್ಟೋ ಕಾಲವಾಗಿತ್ತು. ಅಷ್ಟು ಸಂತೋಷದ ಮಧ್ಯಾಹ್ನ ಈ ಕೆಲಸದಲ್ಲಿ ನನಗೆ ಇನ್ನೊಂದು ಸಿಗಲಿಲ್ಲ.

ಮತ್ತೆ ಆ ಮನೆಯಿಂದ ಫೋನ್ ಬಂದದ್ದು 2017ರಲ್ಲಿ. "ಮೂರ್ತಣ್ಣ, ಮೆಷಿನ್ನಿನ ಲೈಟ್ ಓಗದೆ. ಬಂದ್ ಆಕ್ಕೊಡಿ." ಹೋದೆ. ಬಾಗಿಲ ಎದುರಿನ ಗೋಡೆಯಲ್ಲಿ ಪಿಳ್ಳಮ್ಮನ ಫೋಟೊ, ಅದಕ್ಕೆ ಹಾರ. ಹೋಗಿ ಐದು ವರ್ಷ ಆಯಿತಂತೆ. ನನಗೆ ಗೊತ್ತೇ ಇರಲಿಲ್ಲ. ಮುನಿರಾಜಪ್ಪನ ಕಣ್ಣಿಗೆ ಪೊರೆ ಬಂದು, ಗೋಡೆ ಹಿಡಿದುಕೊಂಡು ಓಡಾಡುತ್ತಿದ್ದರು. ಮೆಷಿನ್ ಅದೇ ಜಾಗದಲ್ಲಿತ್ತು, ಪಡುವಣ ಕಿಟಕಿಯ ಎದುರಿಗೆ. ಒಂದು ಚೂರು ಧೂಳಿಲ್ಲ.

"ಲೈಟ್ ಒಂದ್ ಬಂದ್ರೆ ಸಾಕು. ಬ್ಯಾರೆ ಏನೂ ಮುಟ್ಬೇಡಿ," ಅಂದು ಟೀ ಮಾಡಲು ಒಳಗೆ ಹೋದರು.

ಗಿರಾಕಿಗಳೆಲ್ಲ ಹಾಗೇ ಹೇಳುತ್ತಾರೆ. ಯಾಕೆ ಅಂತ ನಾನು ಕೇಳಲಿಲ್ಲ. ಬಲ್ಬುಗಳ ಫ್ಯೂಸ್ ಹಿಡಿದುಕೊಳ್ಳುವ ಕ್ಲಿಪ್ಪು ಕಪ್ಪಾಗಿ ಸಡಿಲವಾಗಿತ್ತು. ಉಜ್ಜಿ, ಬಿಗಿ ಮಾಡಿ, ಹೊಸ ಫ್ಯೂಸ್ ಹಾಕಿದೆ. ಬೆಳಕು ಬಂತು. ಬಂದ ಮೇಲೆ ನನ್ನ ಬೆರಳು ರೂಢಿಯಂತೆ ಸ್ಟಾರ್ಟ್ ಗುಂಡಿಗೆ ಹೋಯಿತು. ಎರಡೂ ಸಾಲಿನ ಎಂಟು ಗಾಲಿಗಳೂ ಗಡಗಡನೆ ತಿರುಗಿ ಸೊನ್ನೆಗೆ ನಿಂತವು. ಸದ್ದು ಎಲ್ಲೂ ತಡವರಿಸಲಿಲ್ಲ. ನಾನು ಕಣ್ಣು ಮುಚ್ಚಿ ಕೇಳಿ ಮೆಚ್ಚಿಕೊಂಡೆ.

ಕಣ್ಣು ಬಿಟ್ಟಾಗ ಮುನಿರಾಜಪ್ಪ ಅಡಿಗೆಮನೆ ಬಾಗಿಲಲ್ಲಿ ಎರಡು ಲೋಟ ಹಿಡಿದು ನಿಂತಿದ್ದರು.

"ಓಯ್ತಾ?"

"ಏನು ಯಜಮಾನ್ರೇ?"

"ಅವ್ಳದು. ಅವ್ಳು ಕೊನೇಗ್ ಆಡಿದ್ದು. ಅಂಗೇ ಮಡಗಿದ್ದೆ."

ದಿನಾ ಸಾಯಂಕಾಲ ಮೆಷಿನ್ ಆನ್ ಮಾಡಿ ಎದುರಿನ ಕುರ್ಚಿಯಲ್ಲಿ ಕೂರುತ್ತಿದ್ದರಂತೆ. ಆಡುವುದಿಲ್ಲ, ಸುಮ್ಮನೆ ಕೂರುವುದು. ಕಣ್ಣು ಮಂಜಾದ ಮೇಲೂ ಬೆಳಕಿನಲ್ಲಿ ನಾಲ್ಕು ಕಪ್ಪು ಗುರುತು ಕಾಣುತ್ತಿದ್ದವು, ಅಷ್ಟು ಸಾಕಾಗಿತ್ತು. ಎಷ್ಟಿತ್ತು ಅಂತ ಕೇಳಿದೆ. "ಎರಡ್ ಸಾವ್ರದ್ ಮೇಲೆ. ಮಿಕ್ಕಿದ್ ನೆಪ್ಪಿಲ್ಲ. ಅಲ್ಲೇ ಇತ್ತಲ್ಲ, ನೆಪ್ಪಿಟ್ಕಂಡಿಲ್ಲ." ಬೈದಿದ್ದರೆ ಒಳ್ಳೆಯದಿತ್ತು. ಅವರು ಬೈಯಲಿಲ್ಲ. ಟೀ ಲೋಟ ನನ್ನ ಕೈಗೆ ಕೊಟ್ಟು ಕುರ್ಚಿಯಲ್ಲಿ ಕೂತರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಆ ಟೀ ಕುಡಿಯಲಾಗಲಿಲ್ಲ. ಏನು ಮಾಡುವುದು ತಿಳಿಯದೆ ಬಣ್ಣದ ಗಾಜು ತೆಗೆದು, ಟಾರ್ಚ್ ಹಿಡಿದು ಗಾಲಿಗಳನ್ನು ನೋಡುತ್ತಾ ನಿಂತೆ. ಆಗ ಕಂಡಿತು. ಮೊದಲನೇ ಗಾಲಿಯಲ್ಲಿ ಎರಡರ ಹಿಂದಿನ ಬಿಳಿ ಮಾತ್ರ ಹಳದಿಯಾಗಿತ್ತು. ಐದು ವರ್ಷ ಪಡುವಣ ಬಿಸಿಲು ಒಂದೇ ಅಂಕಿಯ ಮೇಲೆ ಬಿದ್ದಿದೆ! ಪಿಳ್ಳಮ್ಮ ಕೇಳಿದ ಪ್ರಶ್ನೆ ಕಿವಿಯಲ್ಲೇ ಕೇಳಿಸಿದ ಹಾಗಾಯಿತು. ಒಂದೊಂದೇ ಗಾಲಿಯನ್ನು ಬೆರಳಿನಿಂದ ಟಕ್ ಟಕ್ ಅಂತ ಮುಂದೆ ಮಾಡಿ, ಹಳದಿ ಹುಡುಕಿ, ಜೇಬಿನ ಪುಟ್ಟ ಪುಸ್ತಕದಲ್ಲಿ ಬರೆದುಕೊಂಡೆ. ಮುನಿರಾಜಪ್ಪನ ಸಾಲು ಎರಡು ಸಾವಿರದ ಐನೂರ ಹತ್ತು. ಪಿಳ್ಳಮ್ಮನ ಸಾಲಿನಲ್ಲಿ ಸಾವಿರದ್ದು ಎರಡು, ಕೊನೆಯವು ಆರು ಮತ್ತು ಸೊನ್ನೆ. ನಾನೇ ಹಾಕಿದ್ದ ನೂರರ ಗಾಲಿಯಲ್ಲಿ ಎರಡು ಅಂಕಿ ಹಳದಿ: ಎಂಟು ಮತ್ತು ಮೂರು. ಎಂಟರ ಹಳದಿ ಹಳೆಯದು, ಅದನ್ನು ಗಾಲಿ ಹಾಕಿದ ದಿನವೇ ಪಿಳ್ಳಮ್ಮ ತೋರಿಸಿದ್ದರು. ಹಾಗಾದರೆ ಮೂರು. ಅನುಮಾನವೇ ಇಲ್ಲ. ಎರಡು ಸಾವಿರದ ಮುನ್ನೂರ ಅರವತ್ತು.

ಅಂದರೆ ಕೊನೇ ಆಟದಲ್ಲಿ ಪಿಳ್ಳಮ್ಮ ಸೋತಿದ್ದರು.

ಗಾಲಿ ಮೂರಕ್ಕೆ ಬಂದು ನಿಂತಿತ್ತು, ನನ್ನ ಬೆರಳು ಅದರ ಮೇಲೆ. ಆ ಮನುಷ್ಯನಿಗೆ ಇಷ್ಟು ನೋವು ಮಾಡಿದ್ದೇನೆ, ಕೊನೇ ಆಟ ಹೆಂಡತಿ ಗೆದ್ದರು ಅನ್ನುವ ಸಮಾಧಾನವನ್ನಾದರೂ ಕೊಡೋಣ ಅನ್ನಿಸಿತು. ಇನ್ನೂ ಐದು ಸಲ ಒತ್ತಿದೆ. ಎಂಟಕ್ಕೆ ನಿಲ್ಲಿಸಿ ಗಾಜು ಹಾಕಿ ಅವರನ್ನು ಕರೆದೆ.

"ಸಿಕ್ತು ಯಜಮಾನ್ರೇ. ಬಿಸಿಲಿನ ಗುರುತು ಇತ್ತು, ಅದನ್ನ ನೋಡಿ ಇಟ್ಟಿದೀನಿ."

ಹತ್ತಿರ ಬಂದು ಗಾಜಿಗೆ ಮೂಗು ತಾಗುವಷ್ಟು ಬಗ್ಗಿದರು. "ನಂಗ್ ಕಾಣಾಕಿಲ್ಲ. ಓದಿ."

"ನಿಮ್ದು ಎರಡು ಸಾವಿರದ ಐನೂರ ಹತ್ತು. ಅಮ್ಮಂದು ಎರಡು ಸಾವಿರದ ಎಂಟುನೂರ ಅರವತ್ತು."

ಅವರು ನೆಟ್ಟಗಾದರು.

"ಇಲ್ಲ ಮೂರ್ತಣ್ಣ. ಅವತ್ತು ಅವ್ಳು ಸೋತ್ಲು. ಗೆದ್ದಿದ್ರೆ ಬೀದಿಗೆಲ್ಲ ಏಳ್ಕಂಡ್ ಬತ್ತಿದ್ಲು. ಸೋತು, ಇನ್ನೊಂದಾಟ ಆಡಾನ ಬಾ ಅಂತ ಕೈ ಇಡ್ದು ಎಳುದ್ಲು. ನಂಗೆ ಜೊಂಪು ಅತ್ತಿತ್ತು. ನಾಳೀಕ್ ಆಡಾನ ಬುಡು ಅಂದೆ. ಬೆಳಿಗ್ಗೆ ಅವ್ಳು ಏಳ್ನಿಲ್ಲ."

ಲೈಟಿನ ಟ್ರಾನ್ಸ್‌ಫಾರ್ಮರ್ ಗುಯ್ಯೆನ್ನುತ್ತಿತ್ತು.

"ಎಷ್ಟಿತ್ತೋ ಅಷ್ಟೇ ಇಡಿ," ಅಂದರು.

ನಾನು ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡೆ. ಗಾಜು ಮತ್ತೆ ತೆಗೆದೆ. ಈ ಗಾಲಿಗಳು ಹಿಂದಕ್ಕೆ ಬರುವುದಿಲ್ಲ, ಮುಂದಕ್ಕೇ ಹೋಗಬೇಕು. ಒಂಬತ್ತು, ಸೊನ್ನೆ, ಒಂದು, ಎರಡು, ಮೂರು. ಪ್ರತಿ ಟಕ್ಕಿಗೂ ಅವರು ಬೆರಳು ಮಡಚಿ ಎಣಿಸುತ್ತಿದ್ದರು.

"ಈಗ ಆ ಗುಂಡಿ ಒತ್ತಿದ್ರೂ ಏನೂ ಆಗ್ದಂಗೆ ಮಾಡ್ಕೊಡಿ. ಮೊಮ್ಮಕ್ಳು ಬತ್ತಾರೆ, ಯಾರ್ ಕೈ ಎಲ್ಲಿಗ್ ಓಯ್ತದೋ."

ಸ್ಟಾರ್ಟ್ ಗುಂಡಿಗೆ ಬರುವ ಕಂದು ತಂತಿಯ ಬೆಸುಗೆ ಕರಗಿಸಿ ಬಿಡಿಸಿದೆ. ತುದಿಗೆ ಕಪ್ಪು ಟೇಪು ಸುತ್ತಿ, ಮಡಚಿ, ಉಳಿದ ತಂತಿಗಳಿಗೆ ಕಟ್ಟಿದೆ. ಗುಂಡಿಯನ್ನು ಅವರ ಕೈಯಿಂದಲೇ ಒತ್ತಿಸಿದೆ. ಎರಡು ಸಲ ಒತ್ತಿದರು. ಯಾವ ಗಾಲಿಯೂ ಅಲ್ಲಾಡಲಿಲ್ಲ. ಆರಿದ ಟೀಯನ್ನು ಮತ್ತೆ ಬಿಸಿ ಮಾಡಿ ತಂದುಕೊಟ್ಟರು. ಆಡುವ ಮೆಷಿನ್ನನ್ನು ಬೇಕಂತಲೇ ಆಡದಂತೆ ಮಾಡಿ ಬಂದದ್ದು ನನ್ನ ಕೆಲಸದಲ್ಲಿ ಅದೊಂದೇ ಸಲ.

ಆ ಸಂಜೆ ಶೆಡ್ಡಿಗೆ ಬಂದು ನನ್ನ ಮೆಷಿನ್ನಿನ ಮುಂದೆ ನಿಂತೆ. ಎರಡು ಸಾಲಿನಲ್ಲೂ ಅಂಕಿ ಇದ್ದವು, ಎರಡೂ ನನ್ನವೇ. ಯಾರಾದರೂ ಅವನ್ನು ಸೊನ್ನೆ ಮಾಡಿದರೆ ಈ ಲೋಕದಲ್ಲಿ ಯಾರಿಗೂ ಏನೂ ಆಗುವುದಿಲ್ಲ ಅನ್ನಿಸಿ ಅಳು ಬಂತು. ಆಮೇಲೆ ಯಾವತ್ತೂ ಎರಡನೆಯವನ ಸರದಿಯನ್ನು ನಾನು ಆಡಲಿಲ್ಲ. ಗಾಲಿಗಳನ್ನು ಕೈಯಿಂದಲೇ ತಿರುಗಿಸಿ ಪರೀಕ್ಷೆ ಮಾಡುತ್ತಿದ್ದೆ.

ಅಲ್ಲಿಂದ ಮುಂದೆ ಯಾವ ಮನೆಗೆ ಹೋದರೂ ಮೊದಲು ಪುಸ್ತಕ ತೆಗೆದು, ಕಿಟಕಿಗಳಲ್ಲಿ ಕಾಣುವ ಅಂಕಿಗಳನ್ನು ಬರೆದುಕೊಂಡು, "ಇದು ಯಾರದು?" ಅಂತ ಕೇಳಿಯೇ ಕೈ ಹಚ್ಚುತ್ತಿದ್ದೆ. ಎಷ್ಟೋ ಜನ ನಕ್ಕರು. ನೀವೂ ಬರೆದುಕೊಳ್ಳಿ. ಸಂಪತ್ ಹೇಳಿದ ಹಾಗೆ ಸ್ಟಾರ್ಟ್ ಒತ್ತಿ ಕಿವಿಗೊಡುವುದು ಆಮೇಲೆ.

ಕೆಂಪಾಪುರಕ್ಕೆ ಆಮೇಲೆ ಎರಡು ಸಲ ಬಲ್ಬು ಹಾಕಲು ಹೋಗಿದ್ದೆ. ಈಗ ನನ್ನ ಕೈ ನಡುಗುತ್ತದೆ. ನಿಮ್ಮಲ್ಲಿ ಯಾರನ್ನಾದರೂ ಒಂದು ದಿನ ಆ ಮನೆಯಿಂದ ಕರೆಯಬಹುದು. ಮುಂದಿನ ಮುಚ್ಚಳ ತೆಗೆದರೆ ಎಡಗಡೆ ಕಪ್ಪು ಟೇಪು ಸುತ್ತಿದ ಕಂದು ತಂತಿಯೊಂದು ಬಿಡಿಯಾಗಿ ಮಡಚಿಕೊಂಡಿರುತ್ತದೆ. ದೋಷ ಸಿಕ್ಕಿತು ಅಂತ ಹಿಗ್ಗಬೇಡಿ. ಬಲ್ಬು ಹಾಕಿ, ಅವರು ಕೊಟ್ಟ ಟೀ ಕುಡಿದು, ತಂತಿಯನ್ನು ಹಾಗೇ ಬಿಟ್ಟು ಬನ್ನಿ.